ಬೀಗ ಹಾಕಿದ ಮನೆಯ ಕಾರು

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ದೊರ್ದೋನ್ ಎಂಬ ಜಿಲ್ಲೆಯಿದೆ. ಅದೇ ಹೆಸರಿನ ನದಿ ಪೂರ್ವದ ಬೆಟ್ಟಗಳಿಂದ ಇಳಿದು, ಸುಣ್ಣಕಲ್ಲಿನ ಬಂಡೆಗಳ ಬುಡವನ್ನು ಬಳಸಿ, ಬೋರ್ದೊ ನಗರದ ದಿಕ್ಕಿನಲ್ಲಿ ಪಶ್ಚಿಮಕ್ಕೆ ಹರಿಯುತ್ತದೆ. ಜಿಲ್ಲೆಯ ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರು. ಜನಸಂಖ್ಯೆ ನಾಲ್ಕು ಲಕ್ಷಕ್ಕೆ ತುಸು ಹೆಚ್ಚು. 2,000 ಚದರ ಕಿಲೋಮೀಟರಿಗಿಂತ ಕೊಂಚ ಕಡಿಮೆ ವಿಸ್ತಾರದಲ್ಲಿ 13 ಲಕ್ಷ ಜನರನ್ನು ಹೊತ್ತಿರುವ ಕಾಸರಗೋಡು ಜಿಲ್ಲೆಯನ್ನು ಬಲ್ಲವರಿಗೆ ಆ ನಾಡಿನ ನಿರ್ಜನತೆ ಎಷ್ಟೆಂಬುದು ಈ ಅಂಕಿಗಳಿಂದಲೇ ಹೊಳೆದೀತು. ಅಲ್ಲಲ್ಲಿ ನಾಲ್ಕಾರು ಕಲ್ಲಿನ ಮನೆಗಳು, ಅವುಗಳ ಸುತ್ತ ಅಕ್ರೋಟ್ ಮರಗಳ ಸಾಲು, ಬಾತುಕೋಳಿಗಳ ದೊಡ್ಡಿ, ಮತ್ತೆ ಮೈಲುಗಟ್ಟಲೆ ಓಕ್ ಮರಗಳ ಕಾಡು. ಬ್ರೆಡ್ಡು ಬೇಕೆಂದರೂ ಪಕ್ಕದ ಊರಿಗೆ ಹೋಗಬೇಕು. ವಾರದ ಸಂತೆಗೆ, ಔಷಧದಂಗಡಿಗೆ, ವೈದ್ಯರಲ್ಲಿಗೆ ಹೋಗುವುದಕ್ಕೂ ಸ್ವಂತ ವಾಹನವೇ ಗತಿ. ಅನೇಕ ಹಳ್ಳಿಗಳಲ್ಲಿ ಬಸ್ಸೆಂದರೆ ಶಾಲಾಮಕ್ಕಳನ್ನು ಕರೆದೊಯ್ಯುವ ಬಸ್ಸು ಮಾತ್ರ.

ಈ ಜಿಲ್ಲೆಯ ಹಳೆಯ ಮನೆಗಳನ್ನು ಕೊಂಡು, ರಜೆಯ ದಿನಗಳನ್ನು ಅಲ್ಲಿ ಕಳೆಯುವ ರೂಢಿಯನ್ನು ಬ್ರಿಟನ್ನಿನ ಜನ ದಶಕಗಳಿಂದ ಬೆಳೆಸಿಕೊಂಡಿದ್ದಾರೆ. ಚರಿತ್ರೆಯ ವಿನೋದವೊಂದು ಇದರಲ್ಲಿ ಅಡಗಿದೆ. 1453ರಲ್ಲಿ ಇದೇ ನದಿಯ ದಂಡೆಯ ಕಾಸ್ತಿಯೋನ್ ಎಂಬಲ್ಲಿ ನಡೆದ ಯುದ್ಧದಲ್ಲಿ ಸೋತು ಇಂಗ್ಲಿಷರು ಈ ಸೀಮೆಯನ್ನು ಬಿಟ್ಟು ಹೋಗಿದ್ದರು. ಐದು ಶತಮಾನಗಳ ಬಳಿಕ ಅವರು ಕತ್ತಿಗೆ ಬದಲಾಗಿ ಕ್ರಯಪತ್ರವನ್ನು ಹಿಡಿದು ಮರಳಿದರು. ಹಳ್ಳಿಯ ಮಕ್ಕಳು ಉದ್ಯೋಗಕ್ಕಾಗಿ ನಗರ ಸೇರಿದ್ದರಿಂದ ಖಾಲಿಬಿದ್ದ ಮನೆಗಳು ಅವರಿಗೆ ಅಗ್ಗದ ದರಕ್ಕೆ ದೊರೆತವು. ಬೆರ್ಜ್‌ರಾಕ್ ಪಟ್ಟಣದ ಪುಟ್ಟ ವಿಮಾನನಿಲ್ದಾಣದಲ್ಲಿ ಇಳಿಯುವ ವಿಮಾನಗಳಲ್ಲಿ ಬಹುಪಾಲು ಬ್ರಿಟನ್ನಿನಿಂದಲೇ ಬರುವಂಥವು. ಎಮೆ ಎಂಬ ಮಧ್ಯಯುಗದ ಊರಿನಲ್ಲಂತೂ ಇಂಗ್ಲಿಷರು ಕ್ರಿಕೆಟ್ ಕ್ಲಬ್ಬನ್ನೇ ಕಟ್ಟಿಕೊಂಡಿದ್ದಾರೆ.

ಇಂಥ ಮನೆಯನ್ನು ಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ ಕಾರಿನದು. ವಿಮಾನವಿಳಿದು ಇಪ್ಪತ್ತು ಮೂವತ್ತು ಕಿಲೋಮೀಟರು ದೂರದ ಹಳ್ಳಿಯನ್ನು ಸೇರುವುದು ಹೇಗೆ? ಉತ್ತರಗಳು ಮೂರು. ಪ್ರತಿಸಲವೂ ಬಾಡಿಗೆಯ ಕಾರನ್ನು ಪಡೆಯುವುದು ಒಂದು. ವರ್ಷದಲ್ಲಿ ಎರಡೇ ವಾರ ತಂಗುವವರಿಗೆ ಅದೇ ಲೇಸು. ಬ್ರಿಟನ್ನಿನ ತಮ್ಮ ಕಾರನ್ನೇ ಕಡಲು ದಾಟಿಸಿ ತರುವುದು ಎರಡನೆಯದು. ಅಲ್ಲಿನ ಕಾರುಗಳ ಸ್ಟಿಯರಿಂಗ್ ಭಾರತದ ಕಾರುಗಳಂತೆ ಬಲಕ್ಕಿರುತ್ತದೆ. ಫ್ರಾನ್ಸಿನಲ್ಲಿಯೋ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಮುಂದಿನ ಲಾರಿಯನ್ನು ಹಿಂದಿಕ್ಕಲು ಎದುರಿನ ದಾರಿ ಚಾಲಕನಿಗೆ ಕಾಣುವುದಿಲ್ಲ; ಟೋಲ್ ಕಟ್ಟೆಯಲ್ಲಿ ಚೀಟಿ ಪಡೆಯುವ ಕೆಲಸ ಪಕ್ಕದಲ್ಲಿ ಕುಳಿತವರ ಪಾಲಿಗೆ ಬರುತ್ತದೆ; ರಾತ್ರಿಯ ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಅದಲ್ಲದೆ ಹೊರಗಿನಿಂದ ಬಂದವರ ಕಾರು ಹನ್ನೆರಡು ತಿಂಗಳುಗಳಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿರುವಂತಿಲ್ಲ; ವಾರ್ಷಿಕ ತಪಾಸಣೆಗಾಗಿ ಅದು ಬ್ರಿಟನ್ನಿಗೇ ಮರಳಬೇಕು. ಆದ್ದರಿಂದ ಹೆಚ್ಚಿನವರು ಮೂರನೆಯ ದಾರಿಯನ್ನು ಹಿಡಿಯುತ್ತಾರೆ. ಫ್ರಾನ್ಸಿನಲ್ಲಿಯೇ ನೋಂದಣಿಯಾದ ಹಳೆಯ ಕಾರೊಂದನ್ನು ಕೊಂಡು ಮನೆಯ ಕೊಟ್ಟಿಗೆಯಲ್ಲಿ ಇರಿಸಿಕೊಳ್ಳುತ್ತಾರೆ.

ಯಾವ ಕಾರು ಎಂಬಲ್ಲಿ ಮೊದಲು ಮಾತನಾಡುವುದು ಹೃದಯ. ಫ್ರಾನ್ಸಿನ ಹಳ್ಳಿಯೆಂದಾಕ್ಷಣ ಕಣ್ಣಮುಂದೆ ಬರುವ ಕಾರು ಸಿಟ್ರೊಯೆನ್ ಕಂಪನಿಯ ಟು ಸಿ.ವಿ. ಫ್ರೆಂಚರು ಅದನ್ನು 'ಎರಡು ಕುದುರೆ' ಎಂದೇ ಕರೆಯುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಅದಕ್ಕೆ ಕಟ್ಟಿದ ಅಶ್ವಶಕ್ತಿ ಅಷ್ಟೇ. 1930ರ ದಶಕದಲ್ಲಿ ಆ ಕಂಪನಿಯ ಹೊಣೆ ಹೊತ್ತಿದ್ದ ಪಿಯರ್ ಜೂಲ್ ಬೂಲಾಂಜೆ ಅವರು ತಮ್ಮ ಇಂಜಿನಿಯರುಗಳ ಮುಂದಿಟ್ಟ ಬೇಡಿಕೆ ಪ್ರಸಿದ್ಧವಾದುದು. ಇಬ್ಬರು ರೈತರನ್ನೂ ಐವತ್ತು ಕಿಲೋ ಆಲೂಗೆಡ್ಡೆಯನ್ನೂ ಹೊತ್ತು ಅದು ಗಂಟೆಗೆ 60 ಕಿಲೋಮೀಟರು ಓಡಬೇಕು; ನೂರು ಕಿಲೋಮೀಟರಿಗೆ ಮೂರು ಲೀಟರಿಗಿಂತ ಹೆಚ್ಚು ಪೆಟ್ರೋಲು ಕುಡಿಯಬಾರದು; ಉತ್ತ ಗದ್ದೆಯನ್ನು ಹಾದುಹೋದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಬಾರದು. ಎರಡನೆಯ ಮಹಾಯುದ್ಧದ ಕಾರಣ ತಡವಾಗಿ, 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಕಾರು ಜನರ ಮುಂದೆ ಬಂತು. 375 ಸಿ.ಸಿ.ಯ ಪುಟ್ಟ ಇಂಜಿನ್ನು, ಸುರುಳಿ ಸುತ್ತಿಡಬಹುದಾದ ಕ್ಯಾನ್ವಾಸಿನ ಮಾಡು, ಕಳಚಿ ಹೊರಗಿಟ್ಟು ಕೂರಬಹುದಾದ ಆಸನಗಳು. ನೋಡಿ ನಕ್ಕವರಿಗೂ ಕಡಿಮೆಯಿರಲಿಲ್ಲ, ಕೊಳ್ಳಲು ಸಾಲು ನಿಂತವರಿಗೂ ಕಡಿಮೆಯಿರಲಿಲ್ಲ. 1990ರಲ್ಲಿ ಪೋರ್ಚುಗಲ್ಲಿನ ಕಾರ್ಖಾನೆಯಲ್ಲಿ ಕೊನೆಯ ಕಾರು ಹೊರಬರುವವರೆಗೆ ಅದರ ತಯಾರಿ ನಡೆದೇ ಇತ್ತು.

ಅದಕ್ಕೆ ಸಾಟಿಯಾಗಿ 1961ರಲ್ಲಿ ಬಂದದ್ದು ರೆನೊ ಕಂಪನಿಯ ನಾಲ್ಕನೆಯ ಸಂಖ್ಯೆಯ ಕಾರು. ಎಂಬತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾದ ಇದು ಅಂಚೆ ಇಲಾಖೆಯಲ್ಲಿ ಹಳದಿ ಬಣ್ಣವನ್ನೂ ಗ್ರಾಮೀಣ ಪೊಲೀಸರಲ್ಲಿ ನೀಲಿ ಬಣ್ಣವನ್ನೂ ಹೊತ್ತು ಫ್ರಾನ್ಸಿನ ಮೂಲೆಮೂಲೆಯನ್ನು ಸುತ್ತಿತು. ಇದರ ಗೇರಿನ ಹಿಡಿ ಡ್ಯಾಶ್‌ಬೋರ್ಡಿನಿಂದ ಕೊಡೆಯ ಹಿಡಿಯಂತೆ ಹೊರಚಾಚಿದೆ. ಹಿಂದಿನ ಗಾಲಿಗಳ ಸ್ಪ್ರಿಂಗಿನ ಸರಳುಗಳನ್ನು ಒಂದರ ಹಿಂದೊಂದಾಗಿ ಅಡ್ಡಕ್ಕೆ ಜೋಡಿಸಬೇಕಾಗಿ ಬಂದುದರಿಂದ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಣ ಅಂತರ ಎಡಬದಿಗಿಂತ ಬಲಬದಿಯಲ್ಲಿ ಸುಮಾರು ಐದು ಸೆಂಟಿಮೀಟರು ಹೆಚ್ಚಾಗಿದೆ. ಕಣ್ಣಿಗೆ ಬೀಳದ ಈ ಓರೆಯನ್ನು ಹೊತ್ತೇ ಅದು ಮೂವತ್ತು ವರ್ಷ ನೇರವಾಗಿ ಓಡಿತು.

ದೂರದಲ್ಲಿರುವ ಯಜಮಾನನಿಗೆ ಈ ಎರಡು ಕಾರುಗಳೂ ಒಪ್ಪುವಂಥವೇ. ಟು ಸಿ.ವಿ.ಯ ಇಂಜಿನ್ನು ಗಾಳಿಯಿಂದಲೇ ತಣಿಯುವುದರಿಂದ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಾನಿ ಮಾಡಲು ಅದರಲ್ಲಿ ನೀರೇ ಇಲ್ಲ. ಬ್ಯಾಟರಿ ಸತ್ತರೆ ಹಿಂದಿನ ಕಾಲದ ಬಸ್ಸುಗಳಂತೆ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಆದರೆ ತಗಡಿನ ಮೈಗೆ ತುಕ್ಕೆಂಬ ರೋಗ ಅಂಟಿಕೊಂಡಿದೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಕೆಳಗಿನ ಚಾಸಿ ಕೈಯಿಂದ ಒತ್ತಿದರೆ ಪುಡಿಯಾಗುವಂತಿರಬಹುದು. ಸಂಗ್ರಾಹಕರ ಕಣ್ಣು ಬಿದ್ದ ಮೇಲೆ ಬೆಲೆಯೂ ಬಡರೈತನ ಕಾರಿನ ಬೆಲೆಯಾಗಿ ಉಳಿದಿಲ್ಲ. ಬೆಲೆಬಾಳುವ ವಸ್ತುವನ್ನು ಯಾರೂ ಇಲ್ಲದ ಮನೆಯ ಕೊಟ್ಟಿಗೆಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ವಿಮಾನ ಹತ್ತುವುದು ಸುಲಭವಲ್ಲ.

ಓಡುವ ಕಾರು ಸವೆಯುತ್ತದೆ, ನಿಂತ ಕಾರು ಹಾಗೆಯೇ ಉಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ನಿಂತ ಕಾರೂ ಸವೆಯುತ್ತದೆ. ಅದರ ಸವೆತ ಬೇರೆ ಬಗೆಯದು, ಅಷ್ಟೆ. ಇದೇ ಜಿಲ್ಲೆಯಲ್ಲಿ ಲಾಸ್ಕೊ ಎಂಬ ಜಗತ್ಪ್ರಸಿದ್ಧ ಗುಹೆಯಿದೆ. 1940ರಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ, ಸಾವಿರಾರು ವರ್ಷಗಳ ಹಿಂದಿನ ಗೂಳಿಗಳ, ಕುದುರೆಗಳ ವರ್ಣಚಿತ್ರಗಳು ಅಲ್ಲಿವೆ. ಟು ಸಿ.ವಿ. ಬೆಳಕಿಗೆ ಬಂದ 1948ನೆಯ ಇಸವಿಯಲ್ಲಿಯೇ ಆ ಗುಹೆಯೂ ಸಾರ್ವಜನಿಕರಿಗೆ ತೆರೆಯಿತು. ನೋಡಬಂದವರ ಉಸಿರಿನ ತೇವದಿಂದಲೇ ಚಿತ್ರಗಳು ಕೆಡತೊಡಗಿದ್ದರಿಂದ 1963ರಲ್ಲಿ ಅದನ್ನು ಮುಚ್ಚಬೇಕಾಯಿತು. ಇಂದು ಪ್ರವಾಸಿಗರು ನೋಡುವುದು ಅದರ ಪ್ರತಿಕೃತಿಯನ್ನು. ಗುಹೆಯನ್ನು ಮನುಷ್ಯರ ಬರವು ಕೆಡಿಸಿತು. ಕಾರನ್ನಾದರೋ ಮನುಷ್ಯರ ಇಲ್ಲದಿರುವಿಕೆ ಕೆಡಿಸುತ್ತದೆ.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಈ ಇಲ್ಲದಿರುವಿಕೆಗೆ ಕಾನೂನಿನ ಮುದ್ರೆಯೂ ಬಿದ್ದಿದೆ. 2021ರಿಂದ ಬ್ರಿಟಿಷ್ ಪ್ರಜೆಗಳು ವೀಸಾ ಇಲ್ಲದೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಎಂದರೆ ಸ್ವಂತ ಮನೆಯಿದ್ದರೂ ವರ್ಷದ ಅರ್ಧಕಾಲ ಕಾರು ಒಂಟಿಯೇ. ಆ ಅವಧಿಯಲ್ಲಿ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಅಲಾರಾಂ, ಗಣಕ ಮುಂತಾದುವನ್ನು ಹೊತ್ತ ಹೊಸ ಕಾರುಗಳಲ್ಲಿ ಇನ್ನೂ ಬೇಗ. ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟುಹೋದರೆ ಬ್ರೇಕಿನ ಪಟ್ಟಿಗಳು ಡ್ರಮ್ಮಿಗೆ ಹತ್ತಿ ಗಾಲಿ ಕದಲದಾಗುತ್ತದೆ. ಗೇರಿನಲ್ಲಿಟ್ಟು ಗಾಲಿಗೆ ಮರದ ತುಂಡನ್ನು ಒತ್ತರಿಸುವುದೇ ಕ್ರಮ. ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ತಿನ್ನುತ್ತದೆ, ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂರುತ್ತದೆ. ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಸೋಸುಗ, ಬ್ರೆಡ್ಡಿಗೂ ಸಂತೆಗೂ ಹೋಗಿಬರುವ ಚಿಕ್ಕ ಓಡಾಟದಲ್ಲಿ ಕಟ್ಟಿಕೊಳ್ಳುತ್ತದೆ. ಇವೆಲ್ಲದರ ಮೇಲೆ ಮುಂಗುಸಿಯನ್ನು ಹೋಲುವ ಒಂದು ಪ್ರಾಣಿ ಬೆಚ್ಚಗಿನ ತಾಣವನ್ನು ಹುಡುಕಿ ಇಂಜಿನ್ನಿನೊಳಗೆ ಹೊಕ್ಕು ವಯರುಗಳನ್ನೂ ಕೊಳವೆಗಳನ್ನೂ ಕಚ್ಚಿಹಾಕುತ್ತದೆ. ಮಳೆಗಾಲದಲ್ಲಿ ಇಲಿಗಳು ಕಾರಿನೊಳಗೆ ಸಂಸಾರ ಹೂಡುವುದನ್ನು ಕಂಡಿರುವ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ವಿವೇಕದ ಆಯ್ಕೆ ಯಾವುದು? ಉತ್ತರ ಜಾಹೀರಾತಿನಲ್ಲಿಲ್ಲ, ಸಂತೆಯ ದಿನ ಚರ್ಚಿನ ಮುಂದಿನ ಬಯಲಿನಲ್ಲಿ ಸಾಲಾಗಿ ನಿಂತ ಕಾರುಗಳಲ್ಲಿದೆ. ಊರವರು ಇಟ್ಟುಕೊಂಡಿರುವುದು ಹದಿನೈದು ಇಪ್ಪತ್ತು ವರ್ಷ ಹಳೆಯ ರೆನೊ ಕ್ಲಿಯೊ, ಪ್ಯೂಜೊ 206, ಇಲ್ಲವೇ ಹಿಂಬದಿಯಲ್ಲಿ ತರಕಾರಿ ಬುಟ್ಟಿ, ಏಣಿ, ಸೌದೆ ಎಲ್ಲವನ್ನೂ ತುಂಬಬಹುದಾದ ರೆನೊ ಕಾಂಗೂ ಮತ್ತು ಸಿಟ್ರೊಯೆನ್ ಬರ್ಲಿಂಗೊ. ಬಾಗಿಲಿನಲ್ಲಿ ತಗ್ಗುಗಳಿರುತ್ತವೆ, ಬಿಸಿಲಿಗೆ ಬಣ್ಣ ಮಾಸಿರುತ್ತದೆ. ಆದರೆ ಅವುಗಳ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆ, ಹಳ್ಳಿಯ ಮೆಕ್ಯಾನಿಕ್ ಅವನ್ನು ನೂರು ಸಲ ಬಿಚ್ಚಿ ಜೋಡಿಸಿರುತ್ತಾನೆ. ಜರ್ಮನಿಯ ಐಷಾರಾಮಿ ಹಳೆಯ ಕಾರು ಅಗ್ಗಕ್ಕೆ ಸಿಕ್ಕೀತು; ಅದರ ಒಂದು ಸೆನ್ಸರ್ ಕೆಟ್ಟರೆ ಮೂವತ್ತು ಕಿಲೋಮೀಟರು ಎಳೆಸಿಕೊಂಡು ಹೋಗಬೇಕು. ಕಾರನ್ನು ಕೊಳ್ಳುವ ಮುನ್ನ ಮೆಕ್ಯಾನಿಕ್ಕನ್ನು ಕಾಣುವವನು ಜಾಣ. ತಿಂಗಳಿಗೊಮ್ಮೆ ಬಂದು ಬ್ಯಾಟರಿ ಜೋಡಿಸಿ ನಾಲ್ಕು ಮೈಲು ಓಡಿಸಿ ಬಿಡುವ ನೆರೆಯವರೊಬ್ಬರು ದೊರೆತರೆಂದರೆ ಅರ್ಧ ಕೆಲಸ ಮುಗಿಯಿತು. ಪ್ರತಿಯಾಗಿ ಯಜಮಾನನಿಲ್ಲದ ದಿನಗಳಲ್ಲಿ ಆ ನೆರೆಯವರೂ ಕಾರನ್ನು ಬಳಸಿಕೊಳ್ಳಬಹುದು. ಆದರೆ ಆ ಚಾಲಕನಿಗೂ ವಿಮೆಯ ರಕ್ಷಣೆ ಉಂಟೆಂಬುದನ್ನು ಕರಾರುಪತ್ರದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿಂದ ಮುಂದಿನದು ಕಾಗದಪತ್ರಗಳ ವಿಷಯ. ಫ್ರಾನ್ಸಿನಲ್ಲಿ ನಾಲ್ಕು ವರ್ಷ ದಾಟಿದ ಕಾರು ಎರಡು ವರ್ಷಕ್ಕೊಮ್ಮೆ ತಾಂತ್ರಿಕ ತಪಾಸಣೆಗೆ ಒಳಪಡಬೇಕು. ಅಂಥ ಕಾರನ್ನು ಮಾರುವವನು ಆರು ತಿಂಗಳೊಳಗಿನ ತಪಾಸಣಾ ವರದಿಯನ್ನು ಕೊಳ್ಳುವವನ ಕೈಗಿಡಬೇಕು. ದೊಡ್ಡ ದೋಷ ಕಂಡುಬಂದರೆ ಎರಡು ತಿಂಗಳಲ್ಲಿ ಸರಿಪಡಿಸಿ ಮತ್ತೆ ತೋರಿಸಬೇಕು. ಮೂವತ್ತು ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದ ಕಾರನ್ನು ಸಂಗ್ರಹದ ವಾಹನವೆಂದು ನೋಂದಾಯಿಸಿದರೆ ತಪಾಸಣೆ ಐದು ವರ್ಷಕ್ಕೊಮ್ಮೆ ಸಾಕು. ಭೂಮಿ ಕೊಳ್ಳುವಾಗ ಋಣಭಾರ ಪ್ರಮಾಣಪತ್ರವನ್ನು ತೆಗೆಸುವಂತೆ, ಅಲ್ಲಿ ಕಾರಿಗೂ ಅಂಥದೊಂದು ಪತ್ರವಿದೆ. ವಾಹನದ ಮೇಲೆ ಅಡವಾಗಲಿ ಆಕ್ಷೇಪಣೆಯಾಗಲಿ ಇಲ್ಲವೆಂದು ಅದು ಹೇಳುತ್ತದೆ, ಮತ್ತು ಹದಿನೈದು ದಿನಗಳೊಳಗಿನದಾಗಿರಬೇಕು. ಮಾರುವವನು 'ಬೂದು ಕಾರ್ಡು' ಎಂದು ಕರೆಯಲಾಗುವ ನೋಂದಣಿ ಪತ್ರಕ್ಕೆ ಅಡ್ಡಗೆರೆ ಎಳೆದು, ಮಾರಿದ ದಿನಾಂಕ ಮತ್ತು ಸಮಯವನ್ನು ಬರೆದು, ರುಜು ಹಾಕುತ್ತಾನೆ. ಸಮಯವನ್ನೂ ಬರೆಸುವ ಈ ಕ್ರಮ ಅರ್ಥಪೂರ್ಣವಾದುದು. ಆ ಗಳಿಗೆಯಿಂದ ದಂಡ, ಅಪಘಾತ, ಹೊಣೆ ಎಲ್ಲವೂ ಕೊಂಡವನವು. ಕೊಂಡವನು ಒಂದು ತಿಂಗಳಲ್ಲಿ ಹೊಸ ಕಾರ್ಡನ್ನು ಮಾಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಗಂಭೀರವಾದುದು ವಿಮೆ. ನಿಂತ ಕಾರಿಗೆ ವಿಮೆ ಏಕೆ ಎಂಬ ಪ್ರಶ್ನೆ ಸಹಜ. ಭಾರತದ 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವುದಕ್ಕೆ ವಿಮೆಯನ್ನು ಕಡ್ಡಾಯಗೊಳಿಸುತ್ತದೆ. ಫ್ರಾನ್ಸಿನಲ್ಲಿಯಾದರೋ ಓಡಬಲ್ಲ ಸ್ಥಿತಿಯಲ್ಲಿರುವ ಕಾರು ಕೊಟ್ಟಿಗೆಯೊಳಗೆ ನಿಂತಿದ್ದರೂ ವಿಮೆ ಇರಲೇಬೇಕು. ಈ ತತ್ತ್ವದ ಹಿಂದಿನ ನೋವು ಎಂಥದೆಂಬುದು ಪೋರ್ಚುಗಲ್ಲಿನ ಒಂದು ಪ್ರಕರಣದಿಂದ ತಿಳಿಯುತ್ತದೆ. ಅನಾರೋಗ್ಯದ ಕಾರಣ ಕಾರು ಓಡಿಸುವುದನ್ನು ಬಿಟ್ಟ ಮಹಿಳೆಯೊಬ್ಬರು ಅದನ್ನು ಮನೆಯಂಗಳದಲ್ಲಿ ನಿಲ್ಲಿಸಿದ್ದರು. ನೋಂದಣಿಯನ್ನು ರದ್ದುಪಡಿಸಿರಲಿಲ್ಲ, ವಿಮೆಯೂ ಇರಲಿಲ್ಲ. 2006ರಲ್ಲಿ ಅವರಿಗೆ ತಿಳಿಯದಂತೆ ಮಗ ಅದನ್ನು ಹೊರತೆಗೆದ. ಕಾರು ರಸ್ತೆಯಿಂದ ಹೊರಗುರುಳಿ ಆತನೂ ಜೊತೆಗಿದ್ದ ಇಬ್ಬರೂ ಸತ್ತರು. ಸತ್ತ ಪ್ರಯಾಣಿಕರ ಮನೆಯವರಿಗೆ ಪರಿಹಾರ ನೀಡಿದ ನಿಧಿ, ಆ ಹಣವನ್ನು ತಾಯಿಯಿಂದ ವಸೂಲು ಮಾಡಲು ದಾವೆ ಹೂಡಿತು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2018ರ ಸೆಪ್ಟೆಂಬರ್ 4ರಂದು ನೀಡಿದ ತೀರ್ಪು ಸ್ಪಷ್ಟವಾಗಿತ್ತು: ನೋಂದಣಿಯಲ್ಲಿರುವ, ಓಡಬಲ್ಲ ವಾಹನವನ್ನು ಓಡಿಸುವ ಇರಾದೆ ಯಜಮಾನನಿಗಿಲ್ಲ ಎಂಬ ಒಂದೇ ಕಾರಣಕ್ಕೆ ವಿಮೆಯ ಹೊಣೆ ತಪ್ಪದು. ಮಗನನ್ನು ಕಳೆದುಕೊಂಡ ತಾಯಿಯ ಮೇಲೆಯೇ ಸಾಲದ ಹೊರೆ ಬೀಳುವುದು ಕಠೋರವೆನಿಸಬಹುದು. ಆದರೆ ಸತ್ತ ಇನ್ನಿಬ್ಬರಿಗೂ ಮನೆಗಳಿದ್ದವು. ಯಜಮಾನನು ಕಣ್ಣಳತೆಯಲ್ಲಿ ಇಲ್ಲದಿದ್ದರೂ ಅವನ ಹೊಣೆ ಅಂಗಳದಲ್ಲಿಯೇ ನಿಂತಿರುತ್ತದೆ ಎಂಬುದು ಆ ತೀರ್ಪಿನ ತಾತ್ಪರ್ಯ.

ಫ್ರಾನ್ಸಿನ ನಂಬರ್ ಪ್ಲೇಟಿನ ಒಂದು ಸಂಗತಿ ಗಡಿನಾಡಿನ ಓದುಗರಿಗೆ ವಿಶೇಷವಾಗಿ ಹಿಡಿಸೀತು. ಹಿಂದೆ ಪ್ಲೇಟಿನ ಕೊನೆಯ ಅಂಕಿ ಯಜಮಾನನ ಜಿಲ್ಲೆಯನ್ನು ಹೇಳುತ್ತಿತ್ತು. ದೊರ್ದೋನಿನ ಅಂಕಿ 24. 2009ರ ಹೊಸ ಪದ್ಧತಿಯಲ್ಲಿ ಕಾರಿಗೆ ಜೀವಮಾನಕ್ಕೆಲ್ಲ ಒಂದೇ ಸಂಖ್ಯೆ. ಜಿಲ್ಲೆಯ ಅಂಕಿ ಬಲತುದಿಯ ನೀಲಿ ಪಟ್ಟಿಗೆ ಸರಿಯಿತು. ಆದರೆ ಯಾವ ಜಿಲ್ಲೆಯ ಅಂಕಿಯನ್ನು ಹಾಕಿಕೊಳ್ಳಬೇಕೆಂಬುದು ಈಗ ಯಜಮಾನನ ಇಷ್ಟ. ಪ್ಯಾರಿಸಿನಲ್ಲಿ ನೆಲೆಸಿದವನೂ ತಾನು ಹುಟ್ಟಿದ ಜಿಲ್ಲೆಯ ಅಂಕಿಯನ್ನು ಹೊತ್ತು ತಿರುಗಬಹುದು. ಭಾರತದಲ್ಲಿ ಇಂಥ ಅವಕಾಶವಿಲ್ಲ. ಕಾಸರಗೋಡಿನ ಮನೆಯಲ್ಲಿ ಎಷ್ಟೇ ಕನ್ನಡ ಮಾತನಾಡಿದರೂ ಕಾರಿನ ಮೇಲೆ ಕೆ.ಎಲ್. 14, ಹೊಸೂರಿನಲ್ಲಿ ಟಿ.ಎನ್. 70, ಸೊಲ್ಲಾಪುರದಲ್ಲಿ ಎಂ.ಎಚ್. 13. ಮಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೆ.ಎ. 19ರ ಹಳೆಯ ಕಾರನ್ನು ತಂದರೆ, ಹನ್ನೆರಡು ತಿಂಗಳು ಮೀರಿ ಇಲ್ಲಿರಿಸಿಕೊಳ್ಳಲು ಮರುನೋಂದಣಿ ಮಾಡಿಸಬೇಕೆಂದು ಕಾಯಿದೆಯ 47ನೆಯ ಕಲಮು ಹೇಳುತ್ತದೆ. ದೇಶದ ಗಡಿಯಿರಲಿ, ರಾಜ್ಯದ ಗಡಿಯಿರಲಿ, ಕಾರು ನಿಲ್ಲುವ ನೆಲದ ನಿಯಮವೇ ಕಾರಿನ ನಿಯಮ.

ಕಾಸರಗೋಡಿನ ಹಳ್ಳಿಗಳಲ್ಲಿಯೂ ಬೀಗ ಹಾಕಿದ ಮನೆಗಳು ಹೆಚ್ಚುತ್ತಿವೆ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಅಡಿಕೆ ಒಣಹಾಕುತ್ತಿದ್ದ ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದ ಕಾರೊಂದು ವರ್ಷದ ಹನ್ನೊಂದು ತಿಂಗಳು ನಿಂತಿದೆ. ಊರಿಗೆ ಬರುವ ಮುನ್ನಾದಿನ ಫೋನು ಮಾಡಿ, 'ಮಾವಾ, ಕಾರು ಒಮ್ಮೆ ಸ್ಟಾರ್ಟ್ ಮಾಡಿ ನೋಡ್ತೀರಾ?' ಎಂದು ನೆರೆಮನೆಯ ಹಿರಿಯರನ್ನು ಕೇಳುವ ಯುವಕರಿಗೂ ದೊರ್ದೋನಿನ ಇಂಗ್ಲಿಷರಿಗೂ ಇರುವ ಚಿಂತೆ ಒಂದೇ. ಅಂಥವರು ಮುಂದಿನ ಸಲ ಹೊರಡುವ ಮುನ್ನ ಬ್ಯಾಟರಿಯ ತಂತಿಯನ್ನು ಬಿಚ್ಚಿಡಲಿ, ಹ್ಯಾಂಡ್ ಬ್ರೇಕನ್ನು ಇಳಿಸಿ ಗಾಲಿಗೆ ಕಲ್ಲು ಕೊಡಲಿ, ವಿಮೆಯ ಕೊನೆಯ ದಿನಾಂಕವನ್ನು ನೋಡಿಕೊಳ್ಳಲಿ. ಕೀಲಿಕೈಯ ಜೊತೆಗೆ ಆರ್.ಸಿ. ಮತ್ತು ವಿಮೆಯ ಪ್ರತಿಗಳನ್ನೂ ನೆರೆಮನೆಯವರ ಕೈಗೆ ಒಪ್ಪಿಸಿ ಹೋಗಲಿ. ಮಳೆಗಾಲದ ನಡುರಾತ್ರಿ ಆ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಅಂಗಳದಲ್ಲಿ ನಿಂತ ಆ ಹಳೆಯ ಕಾರೇ ಅವರ ನೆರವಿಗೆ ಬಂದೀತು.